ತಲೆಯ ಆಪರೇಷನ್ ಎಲ್ಲಿ ಕೈಕೊಡುತ್ತದೆ?

ಸಿ.ಟಿ. ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದರೆ ತಲೆಬುರುಡೆ ಬೆಳ್ಳನೆಯ ಬಳೆಯಂತೆ ಕಾಣುತ್ತದೆ. ಒಳಗಿನ ಮೆದುಳು ಬೂದುಬಣ್ಣ. ಹೊಸದಾಗಿ ಸುರಿದ ರಕ್ತವೂ ಬಿಳಿ. ಆ ಬಿಳಿ ಬುರುಡೆಗೆ ಅಂಟಿಕೊಂಡು, ಎರಡೂ ಬದಿ ಉಬ್ಬಿದ ಮಸೂರದ ಹಾಗಿದ್ದರೆ ಅದು ಎಕ್ಸ್‌ಟ್ರಾಡ್ಯೂರಲ್, ಅಂದರೆ ಬುರುಡೆಗೂ ಮೆದುಳಿನ ಹೊರಪೊರೆಗೂ ನಡುವೆ ಕಟ್ಟಿದ ರಕ್ತ. ಬಿದಿಗೆ ಚಂದ್ರನ ಹಾಗೆ ಬಾಗಿ ಹರಡಿದ್ದರೆ ಸಬ್‌ಡ್ಯೂರಲ್, ಹೊರಪೊರೆಯ ಒಳಗೆ ಮೆದುಳಿನ ಮೈಮೇಲೆ ಕಟ್ಟಿದ ರಕ್ತ. ಮೊದಲನೆಯದರಲ್ಲಿ ಎಷ್ಟೋ ಸಲ ಮೆದುಳಿಗೆ ಪೆಟ್ಟೇ ಆಗಿರುವುದಿಲ್ಲ, ಹೊರಗಿನಿಂದ ಒತ್ತಡ ಮಾತ್ರ ಬಿದ್ದಿರುತ್ತದೆ. ಸಮಯಕ್ಕೆ ಸರಿಯಾಗಿ ತೆಗೆದರೆ ರೋಗಿ ತನ್ನ ಕಾಲ ಮೇಲೆ ನಡೆದು ಮನೆಗೆ ಹೋಗುತ್ತಾನೆ. ಎರಡನೆಯದು ಪೆಟ್ಟು ಬಿದ್ದ ಕೂಡಲೇ ಕಟ್ಟಿದ್ದಾದರೆ ಮೆದುಳೂ ಜಜ್ಜಿರುತ್ತದೆ. ರಕ್ತ ತೆಗೆದ ಮೇಲೂ ಊತ ಉಳಿಯುತ್ತದೆ. ಡಾಕ್ಟರು ಅವರೇ, ಟೇಬಲ್ಲೂ ಅದೇ, ಫಲ ಮಾತ್ರ ಬೇರೆ ಬೇರೆ. ಹಾಗಾಗಿ "ತಲೆ ಆಪರೇಷನ್ ಮಾಡಿದರೆ ಉಳಿಯುತ್ತಾರಾ?" ಎಂದು ಕೇಳುವ ಮೊದಲು "ಒಳಗೆ ಏನಾಗಿದೆ?" ಎಂದು ಕೇಳಿ ತಿಳಿದುಕೊಳ್ಳಬೇಕು.

ಕರಾವಳಿಯಲ್ಲಿ ಈ ಫಿಲ್ಮು ಹಿಡಿದು ಬರುವವರಲ್ಲಿ ಕೆಲವು ಗುಂಪುಗಳು ಎದ್ದು ಕಾಣುತ್ತವೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಕಿನಿಂದ ಬಿದ್ದವರು. ಮಳೆಯಲ್ಲಿ ಬೈಕಿನ ಹಿಂದೆ ಕೂತು ಕೊಡೆ ಬಿಡಿಸಿ, ಗಾಳಿಗೆ ಕೊಡೆಯ ಸಮೇತ ಹಿಂದಕ್ಕೆ ಉರುಳಿದ ಹೆಂಗಸರು. ಅಡಿಕೆಗೆ ಮದ್ದು ಬಿಡುವಾಗ ಜಾರಿದ ಕೆಲಸದವರು. ಅಂಗಳದ ಪಾಚಿಯಲ್ಲೋ ಬಚ್ಚಲಿನಲ್ಲೋ ಜಾರಿದ ಅಜ್ಜ ಅಜ್ಜಿಯರು. ದೇಶದ ಬಹಳಷ್ಟು ಜಿಲ್ಲೆಗಳಿಗೆ ಹೋಲಿಸಿದರೆ ಇವರು ಅದೃಷ್ಟವಂತರು. ಮಂಗಳೂರು, ದೇರಳಕಟ್ಟೆ, ಮಣಿಪಾಲಗಳ ನಡುವಿನ ಅರವತ್ತು ಎಪ್ಪತ್ತು ಕಿಲೋಮೀಟರಿನಲ್ಲಿ ಹಲವು ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಆದರೂ ಫಲ ಒಂದೇ ತೆರನಾಗಿ ಇರುವುದಿಲ್ಲ. ಕಾರಣ ಹೆಚ್ಚಿನ ಸಲ ಸರ್ಜನ್ನಿನ ಕೈಯಲ್ಲಿರುವುದಿಲ್ಲ. ಆಪರೇಷನ್ನಿಗೆ ಮುಂಚಿನ ಗಂಟೆಗಳಲ್ಲಿ, ಅದಾದ ನಂತರದ ರಾತ್ರಿಗಳಲ್ಲಿ, ಮನೆಗೆ ಹೋದ ಮೇಲಿನ ತಿಂಗಳುಗಳಲ್ಲಿ ಇರುತ್ತದೆ.

ಒತ್ತಡದ ಲೆಕ್ಕ

ಬುರುಡೆ ಹಿಗ್ಗದ ಡಬ್ಬಿ. ಒಳಗೆ ಸುಮಾರು ನೂರಕ್ಕೆ 80 ಭಾಗ ಮೆದುಳು, 10 ಭಾಗ ರಕ್ತ, 10 ಭಾಗ ಮೆದುಳಿನ ನೀರು. ಈ ನೀರು ದಿನಕ್ಕೆ ಅರ್ಧ ಲೀಟರಿನಷ್ಟು ಹುಟ್ಟಿ ಇಂಗುತ್ತದೆ, ಯಾವುದೇ ಹೊತ್ತಿನಲ್ಲಿ ಇರುವುದು 150 ಮಿ.ಲೀ. ಮಾತ್ರ. ಹೊಸದಾಗಿ 30 ಮಿ.ಲೀ. ರಕ್ತ ಸೇರಿದರೆ ಮೊದಲು ನೀರು ಬೆನ್ನುಹುರಿಯ ಕಡೆಗೆ ಸರಿದು ಜಾಗ ಬಿಟ್ಟುಕೊಡುತ್ತದೆ, ಅಶುದ್ಧ ರಕ್ತದ ನಾಳಗಳೂ ಹಿಂಡಿಕೊಳ್ಳುತ್ತವೆ. ಆ ಜಾಗ ಮುಗಿಯುವವರೆಗೆ ರೋಗಿ ಮಾತಾಡುತ್ತಲೇ ಇರುತ್ತಾನೆ. ಮುಗಿದ ಮೇಲೆ ಕೆಲವೇ ಮಿ.ಲೀ. ಹೆಚ್ಚಾದರೂ ಒತ್ತಡ ನೆಟ್ಟಗೆ ಮೇಲೇರುತ್ತದೆ. "ಈಗ ತಾನೆ ಚೆನ್ನಾಗಿ ಮಾತಾಡುತ್ತಿದ್ದರು, ಗೊರಕೆ ಹೊಡೆದು ಮಲಗಿದ್ದಾರೆ ಅಂದುಕೊಂಡೆವು" ಎಂದು ಮನೆಯವರು ಹೇಳುವುದರ ಹಿಂದೆ ಇರುವುದು ಇದೇ. ತಲೆಗೆ ಪೆಟ್ಟು ಬಿದ್ದವನ ಹೊಸ ಗೊರಕೆ ನಿದ್ದೆಯ ಲಕ್ಷಣ ಅಲ್ಲ. ಎಬ್ಬಿಸಿ ನೋಡಬೇಕು, ಎಚ್ಚರಾಗದಿದ್ದರೆ ತಕ್ಷಣ ಹೊರಡಬೇಕು.

ಸಹಜ ಒತ್ತಡ 5ರಿಂದ 15 ಮಿ.ಮೀ. ಪಾದರಸ, 22 ದಾಟಿದರೆ ಚಿಕಿತ್ಸೆ ಬೇಕು. ಎಕ್ಸ್‌ಟ್ರಾಡ್ಯೂರಲ್ ರಕ್ತ 30 ಮಿ.ಲೀ.ಗಿಂತ ಹೆಚ್ಚಿದ್ದರೆ ರೋಗಿ ಎಚ್ಚರವಿದ್ದರೂ ತೆಗೆಯುವುದು ರೂಢಿ. ಹೊಸ ಸಬ್‌ಡ್ಯೂರಲ್ ಆದರೆ 10 ಮಿ.ಮೀ.ಗಿಂತ ದಪ್ಪವಿದ್ದಾಗ ಅಥವಾ ಮೆದುಳಿನ ನಡುಗೆರೆ 5 ಮಿ.ಮೀ.ಗಿಂತ ಹೆಚ್ಚು ಪಕ್ಕಕ್ಕೆ ಸರಿದಾಗ. ಈ ಅಳತೆಗಳು ಸ್ಕ್ಯಾನ್ ವರದಿಯಲ್ಲಿ ಬರೆದೇ ಇರುತ್ತವೆ.

ಅಮೆರಿಕದಲ್ಲಿ 1981ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೊಸ ಸಬ್‌ಡ್ಯೂರಲ್ ಇದ್ದವರಿಗೆ 4 ಗಂಟೆಯೊಳಗೆ ಆಪರೇಷನ್ ಆದಾಗ ನೂರಕ್ಕೆ 30 ಮಂದಿ ತೀರಿಕೊಂಡರು, ತಡವಾದಾಗ 90 ಮಂದಿ. ನಂತರದ ಅಧ್ಯಯನಗಳಲ್ಲಿ ಅಂತರ ಇಷ್ಟು ದೊಡ್ಡದಾಗಿ ಕಾಣಲಿಲ್ಲ. ಹಾಗೆಂದು ಕಾಯಬಹುದು ಎಂದು ಯಾವ ಸರ್ಜನ್ನೂ ಹೇಳುವುದಿಲ್ಲ.

ದಾರಿಯಲ್ಲಿ ಕಳೆದುಹೋಗುವುದು

ಸುಳ್ಯದಿಂದ ಮಂಗಳೂರಿಗೆ 80 ಕಿ.ಮೀ.ಗೂ ಮೇಲೆ. ಬೈಂದೂರಿನಿಂದ ಮಣಿಪಾಲಕ್ಕೆ 70ರ ಆಸುಪಾಸು. ಚಿಕ್ಕಮಗಳೂರು, ಶಿವಮೊಗ್ಗ ಕಡೆಯವರು ಘಾಟಿ ಇಳಿದು ಬರಬೇಕು. ಸಿಕ್ಕಿದ ಕಾರಿನಲ್ಲಿ ಹಾಕಿಕೊಂಡು ನೇರ ದೊಡ್ಡ ಆಸ್ಪತ್ರೆಗೆ ಓಡುವುದೇ ಸರಿ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಪೆಟ್ಟು ಬಿದ್ದ ಮೆದುಳಿಗೆ ದಾರಿಯಲ್ಲಿ ಎರಡು ಶತ್ರುಗಳು: ಆಮ್ಲಜನಕ ಸಾಲದಿರುವುದು, ಬಿಪಿ ಬೀಳುವುದು. ಮೇಲಿನ ಬಿಪಿ ಒಂದು ಸಲ 90ಕ್ಕಿಂತ ಕೆಳಗೆ ಇಳಿದರೂ ಸಾವಿನ ಸಾಧ್ಯತೆ ಹೆಚ್ಚುಕಮ್ಮಿ ಇಮ್ಮಡಿಯಾಗುತ್ತದೆ. ಪ್ರಜ್ಞೆ ಇಲ್ಲದವನನ್ನು ಕಾರಿನ ಹಿಂದಿನ ಸೀಟಿನಲ್ಲಿ ಕತ್ತು ಮಡಚಿ ಕೂರಿಸಿದರೆ ನಾಲಿಗೆ ಗಂಟಲಿಗೆ ಬೀಳುತ್ತದೆ, ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಮಂಗಳೂರು ಮುಟ್ಟುವ ಹೊತ್ತಿಗೆ ಮೊದಲ ಪೆಟ್ಟಿನ ಮೇಲೆ ಎರಡನೆಯದು ಬಿದ್ದಿರುತ್ತದೆ. ಆದ್ದರಿಂದ ಉಸಿರಿನಲ್ಲಿ ಗೊರಗೊರ ಶಬ್ದ ಇದ್ದರೆ, ರಕ್ತ ಸುರಿಯುತ್ತಿದ್ದರೆ, 108ಕ್ಕೆ ಕರೆ ಮಾಡಿ ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಹತ್ತು ನಿಮಿಷ ನಿಲ್ಲಿಸಿ, ಉಸಿರಿನ ದಾರಿ ಸರಿಮಾಡಿಸಿ, ಡ್ರಿಪ್ ಹಾಕಿಸಿ ಮುಂದೆ ಹೋಗುವುದು ಲಾಭ. ಕಾಯುವಾಗ ಕುತ್ತಿಗೆ ತಿರುಚದಂತೆ ತಲೆ ಮತ್ತು ಮೈಯನ್ನು ಒಟ್ಟಿಗೆ ಹೊರಳಿಸಿ ಮಗ್ಗುಲಲ್ಲಿ ಮಲಗಿಸಿ. ಬಾಯಿಗೆ ನೀರು ಹಾಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ.

ತಾಲೂಕು ಮಟ್ಟದಲ್ಲಿ ಕೊಡುವ ಮದ್ದಿನಲ್ಲಿಯೂ ಗೊತ್ತಿರಬೇಕಾದ ಎರಡು ಮೂರು ಸಂಗತಿಗಳಿವೆ. ಊತ ಇಳಿಸುವ ಮ್ಯಾನಿಟಾಲ್ ಶೇಕಡಾ 20ರ ದ್ರಾವಣ, 100 ಮಿ.ಲೀ. ಬಾಟಲಿಯಲ್ಲಿ 20 ಗ್ರಾಂ. ಪ್ರಮಾಣ ಕಿಲೋ ತೂಕಕ್ಕೆ ಕಾಲು ಗ್ರಾಮಿನಿಂದ ಒಂದು ಗ್ರಾಮಿನವರೆಗೆ. ಇದು ಮೂತ್ರವನ್ನು ಹೆಚ್ಚಿಸುತ್ತದೆ, ಹಾಗಾಗಿ ಬಿಪಿ ಬಿದ್ದವನಿಗೆ ಕೊಟ್ಟರೆ ಬಿಪಿ ಇನ್ನೂ ಬೀಳುತ್ತದೆ. ತಲೆಪೆಟ್ಟಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕುವ ಹಳೆಯ ಅಭ್ಯಾಸ ಬಿಡಲೇಬೇಕು. 10,008 ರೋಗಿಗಳ ಮೇಲೆ ನಡೆದ ‘ಕ್ರ್ಯಾಶ್’ ಎಂಬ ಹೆಸರಿನ ಮದ್ದಿನ ಪರೀಕ್ಷೆ 2004ರಲ್ಲಿ ತೋರಿಸಿದ್ದು ಇದನ್ನೇ: ಎರಡು ವಾರದೊಳಗೆ ಸತ್ತವರು ಸ್ಟೀರಾಯ್ಡ್ ಪಡೆದವರಲ್ಲಿ ನೂರಕ್ಕೆ 21, ಪಡೆಯದವರಲ್ಲಿ 18. ಅದೇ ಸ್ಟೀರಾಯ್ಡ್ ಮೆದುಳಿನ ಗೆಡ್ಡೆಯ ಸುತ್ತಲಿನ ಊತಕ್ಕೆ ಒಳ್ಳೆಯ ಮದ್ದು, ಅದು ಬೇರೆ ವಿಚಾರ. ಇನ್ನೊಂದು, ರಕ್ತ ಹೆಪ್ಪುಗಟ್ಟಲು ನೆರವಾಗುವ ಟ್ರಾನೆಕ್ಸಾಮಿಕ್ ಆಸಿಡ್: ಪೆಟ್ಟು ಬಿದ್ದ 3 ಗಂಟೆಯೊಳಗೆ 10 ನಿಮಿಷದಲ್ಲಿ 1 ಗ್ರಾಂ, ಆಮೇಲೆ 8 ಗಂಟೆಯಲ್ಲಿ ಮತ್ತೊಂದು ಗ್ರಾಂ. 2019ರ ದೊಡ್ಡ ಪರೀಕ್ಷೆಯಲ್ಲಿ ಹಗುರ ಮತ್ತು ಮಧ್ಯಮ ಪೆಟ್ಟಿನವರಿಗೆ ಇದರಿಂದ ಲಾಭ ಕಂಡಿತು. ಬೆಲೆಯೂ ಕಡಿಮೆ.

ಮನೆಯವರು ತಪ್ಪದೆ ತರಬೇಕಾದದ್ದು ರೋಗಿ ನುಂಗುವ ಮಾತ್ರೆಗಳ ಚೀಟಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಸಿಟ್ರೋಮ್ ಮುಂತಾದ ರಕ್ತ ತೆಳುಮಾಡುವ ಮಾತ್ರೆಗಳ ವಿಷಯ ಡಾಕ್ಟರಿಗೆ ಆಪರೇಷನ್ನಿಗೆ ಮುಂಚೆಯೇ ಗೊತ್ತಾಗಬೇಕು. ಅಪಘಾತದ ಕೇಸೆಂದು ಪೊಲೀಸ್ ಬರಲಿ ಎಂದು ಚಿಕಿತ್ಸೆ ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಟೇಬಲ್ಲಿನ ಮೇಲೆ

ಕೆಲಸದ ಕ್ರಮ ಹೀಗೆ. ಕೂದಲನ್ನು ಬ್ಲೇಡಿನಿಂದ ಬೋಳಿಸುವ ಬದಲು ಕ್ಲಿಪ್ಪರಿನಿಂದ ಕತ್ತರಿಸಬೇಕು, ಬ್ಲೇಡು ಮಾಡುವ ಸಣ್ಣ ಗೀರುಗಳಲ್ಲಿ ಕ್ರಿಮಿ ಕೂರುತ್ತದೆ. ಚರ್ಮ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ರಕ್ತಕ್ಕೆ ಸೇರಿರಬೇಕು. ನೆತ್ತಿಯ ಚರ್ಮದಿಂದ ರಕ್ತ ಧಾರಾಳ ಹರಿಯುವುದರಿಂದ ಅಂಚಿಗೆ ಸಾಲಾಗಿ ಕ್ಲಿಪ್ ಹಾಕುತ್ತಾರೆ. ಬುರುಡೆಯಲ್ಲಿ ರಂಧ್ರ ಕೊರೆದು, ರಂಧ್ರದಿಂದ ರಂಧ್ರಕ್ಕೆ ಕೊಯ್ದು ಎಲುಬಿನ ಒಂದು ಬಿಲ್ಲೆ ಎತ್ತುತ್ತಾರೆ. ಮೋಟಾರಿನ ಗರಗಸ ಇದ್ದರೆ ಕೆಲವು ನಿಮಿಷ. ಇಲ್ಲದ ಕಡೆ ಕೈಯಿಂದ ತಿರುಗಿಸುವ ಬ್ರೇಸ್ ಮತ್ತು ಜಿಗ್ಲಿ ಎಂಬ ತಂತಿಗರಗಸದಿಂದಲೂ ಆಗುತ್ತದೆ, ಬೆವರು ಹೆಚ್ಚು. ರಕ್ತ ತೆಗೆದು, ಸುರಿಯುವ ನಾಳವನ್ನು ಬೈಪೋಲಾರ್ ಎಂಬ ವಿದ್ಯುತ್ ಚಿಮಟದಿಂದ ಸುಟ್ಟು, ಎಲುಬಿನ ಅಂಚಿಗೆ ಮೇಣ ಮೆತ್ತಿ, ಪೊರೆಯನ್ನು ನೀರು ಸೋರದಂತೆ ಹೊಲಿಯಬೇಕು. ಈ ಕೊನೆಯ ಹೊಲಿಗೆಯಲ್ಲಿ ಅವಸರ ಮಾಡಿದರೆ ಮೆದುಳಿನ ನೀರು ಗಾಯದಿಂದ ಜಿನುಗುತ್ತದೆ. ನೀರು ಹೊರಬರುವ ದಾರಿ ಕ್ರಿಮಿ ಒಳಹೋಗುವ ದಾರಿಯೂ ಹೌದು.

ಕೈಚಳಕದಲ್ಲಿ ನಮ್ಮ ದೇಶ ಹಿಂದೆ ಬಿದ್ದಿಲ್ಲ. ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿ ನ್ಯೂರೋಸರ್ಜರಿ ವಿಭಾಗ ಆರಂಭಿಸಿದ್ದು 1949ರಲ್ಲಿ. ದುಬಾರಿ ಯಂತ್ರ ಇಲ್ಲದ್ದರಿಂದ ಎಲ್ಲ ಕೆಟ್ಟಿತು ಎನ್ನುವುದೂ ಸರಿಯಲ್ಲ. ಬೊಲಿವಿಯಾ ಮತ್ತು ಈಕ್ವೆಡಾರ್‌ನಲ್ಲಿ 324 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತಲೆಯೊಳಗೆ ಒತ್ತಡ ಅಳೆಯುವ ಯಂತ್ರ ಇಟ್ಟವರಿಗೂ, ಸ್ಕ್ಯಾನ್ ಮತ್ತು ಮೈ ಪರೀಕ್ಷೆಯನ್ನೇ ನೆಚ್ಚಿಕೊಂಡು ಚಿಕಿತ್ಸೆ ಕೊಟ್ಟವರಿಗೂ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಎರಡೂ ಗುಂಪಿನವರನ್ನು ಐಸಿಯುನಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದರು ಎಂಬುದನ್ನು ಮರೆಯಬಾರದು.

ಅಂಕಿಗಳನ್ನು ಹೇಗೆ ಓದಬೇಕು

57 ದೇಶಗಳ 159 ಆಸ್ಪತ್ರೆಗಳಲ್ಲಿ ತಲೆಪೆಟ್ಟಿಗೆ ತುರ್ತು ಆಪರೇಷನ್ ಆದ 1635 ರೋಗಿಗಳ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಒಟ್ಟಾರೆ ಸತ್ತವರು ನೂರಕ್ಕೆ 18. ರೋಗಿಗಳ ಸ್ಥಿತಿಗತಿ ಹೊಂದಿಸಿ ಲೆಕ್ಕ ಹಾಕಿದಾಗ ಅತಿ ಮುಂದುವರಿದ ದೇಶಗಳಿಗಿಂತ ಮಧ್ಯಮ ಸ್ತರದ ದೇಶಗಳಲ್ಲಿ ಸಾವಿನ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು. ಆದರೆ ಅತಿ ಹಿಂದುಳಿದ ದೇಶಗಳಲ್ಲಿ ಹಾಗೆ ಹೆಚ್ಚು ಕಾಣಲಿಲ್ಲ. ಬಡ ದೇಶದಲ್ಲಿ ಚಿಕಿತ್ಸೆ ಚೆನ್ನಾಗಿದೆ ಎಂದು ಇದರಿಂದ ತಿಳಿಯಬಾರದು. ಅಲ್ಲಿ ತೀರಾ ಕೆಟ್ಟ ಸ್ಥಿತಿಯವರು ಟೇಬಲ್ಲಿನವರೆಗೆ ಬರುವುದೇ ಇಲ್ಲ, ದಾರಿಯಲ್ಲೋ ಮೊದಲ ಆಸ್ಪತ್ರೆಯಲ್ಲೋ ತೀರಿಕೊಳ್ಳುತ್ತಾರೆ, ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದೇ ಹೆಚ್ಚು ಒಪ್ಪುವ ವಿವರಣೆ. ಖರ್ಚು ಮುಗಿದು "ನಮ್ಮ ಜವಾಬ್ದಾರಿ" ಎಂದು ಬರೆದುಕೊಟ್ಟು ಮನೆಗೆ ಒಯ್ದವರು, ಮತ್ತೆ ತೋರಿಸಲು ಬಾರದವರು ಕೂಡ ಪಟ್ಟಿಯಿಂದ ಜಾರುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ವರ್ಷಕ್ಕೆ 50 ಲಕ್ಷಕ್ಕೂ ಹೆಚ್ಚು ಮಂದಿಗೆ ಬೇಕಾದ ನ್ಯೂರೋಸರ್ಜರಿ ಸಿಗುವುದೇ ಇಲ್ಲ ಎಂಬ 2018ರ ಅಂದಾಜನ್ನು ಇದರ ಪಕ್ಕದಲ್ಲಿಟ್ಟು ಓದಬೇಕು.

ಆಪರೇಷನ್ ಆದ ರಾತ್ರಿ

ಮೊದಲ 6 ಗಂಟೆಯ ಭಯ ಮತ್ತೆ ರಕ್ತ ಸುರಿಯುವುದು. ಎರಡು, ಮೂರನೆಯ ದಿನದ ಭಯ ಊತ. ಆಮೇಲೆ ಬರುವುದು ಜ್ವರ, ನ್ಯುಮೋನಿಯಾ, ಸೋಡಿಯಂ ಇಳಿಕೆ, ಫಿಟ್ಸ್. ಇವನ್ನೆಲ್ಲ ಮೊದಲು ಹೇಳುವುದು ಪ್ರಜ್ಞೆಯ ಮಟ್ಟ. ಅದಕ್ಕೇ ನರ್ಸ್ ಪದೇ ಪದೇ ಬಂದು ಟಾರ್ಚ್ ಬಿಟ್ಟು ಕಣ್ಣಿನ ಪಾಪೆ ನೋಡಿ, ಮಾತಾಡಿಸಿ, ಕೈ ಎತ್ತಿಸಿ ಅಂಕ ಬರೆಯುವುದು: ಕಣ್ಣಿಗೆ 4, ಮಾತಿಗೆ 5, ಚಲನೆಗೆ 6, ಒಟ್ಟು 15. ಅಂಕ 2 ಇಳಿದರೆ ಮತ್ತೆ ಸ್ಕ್ಯಾನ್.

ಇಲ್ಲಿ ನಮ್ಮ ಊರಿಗೇ ವಿಶೇಷವಾದ ಒಂದು ತೊಡಕಿದೆ. ರೋಗಿಯ ಮನೆಮಾತು ತುಳು, ಬ್ಯಾರಿ ಅಥವಾ ಕೊಂಕಣಿ ಇರಬಹುದು, ನರ್ಸಿನದು ಮಲಯಾಳ. ಆಗ ತಾನೆ ಆಪರೇಷನ್ ಆದವನಿಗೆ ಎರಡನೆಯ ಭಾಷೆ ಬೇಗ ಒದಗುವುದಿಲ್ಲ. "ಈರೆನ ಪುದರ್ ದಾದ?" ಎಂದರೆ ಹೆಸರು ಹೇಳುವವನು ಬೇರೆ ಭಾಷೆಯ ಪ್ರಶ್ನೆಗೆ ಸುಮ್ಮನೆ ನೋಡಿದರೆ ಮಾತಿನ ಅಂಕ ಕಾರಣ ಇಲ್ಲದೆಯೇ ಕುಸಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ನಿಜವಾಗಿ ಕುಸಿದಾಗ "ಭಾಷೆ ಬಾರದು" ಎಂದು ಬಿಟ್ಟುಬಿಡುವುದು. ರೋಗಿಯ ಮನೆಮಾತು ಯಾವುದೆಂದು ಮೊದಲೇ ಹೇಳಿ, ಐದಾರು ಸರಳ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಡಿ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುಂಚೆಯೂ ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಎಂದು ಕೇಳುವುದು ನಿಮ್ಮ ಹಕ್ಕು.

ಮೆದುಳಿನ ನೀರು ಹೊರಬಿಡಲು ಪೈಪ್ ಇಟ್ಟಿದ್ದರೆ ಅದನ್ನು ಹತ್ತಿರದಿಂದ ನೋಡಿ ತಿಳಿದುಕೊಳ್ಳಬೇಕು. ಸ್ಟ್ಯಾಂಡಿಗೆ ಕಟ್ಟಿದ ಸಣ್ಣ ಕೊಳವೆ, ಅದರ ಕೆಳಗೆ ಚೀಲ. ಅಳತೆಯ ಸೊನ್ನೆ ಗೆರೆ ರೋಗಿಯ ಕಿವಿರಂಧ್ರದ ಮಟ್ಟಕ್ಕೆ, ಕೊಳವೆ ಸಾಮಾನ್ಯವಾಗಿ ಅದಕ್ಕಿಂತ 10–15 ಸೆಂ.ಮೀ. ಮೇಲೆ. ನೋಡಲು ಬಂದವರು ಪ್ರೀತಿಯಿಂದ ಮಂಚದ ತಲೆಭಾಗ ಎತ್ತಿದರೆ ತಲೆ ಮೇಲೆ ಹೋಗುತ್ತದೆ, ಕೊಳವೆ ಇದ್ದಲ್ಲೇ ಇರುತ್ತದೆ, ನೀರು ಬಳಬಳನೆ ಹರಿದು ಮೆದುಳು ಕುಗ್ಗಿ ನಾಳ ಹರಿಯಬಹುದು. ಮಂಚ ಮುಟ್ಟುವ ಮೊದಲು ನರ್ಸ್ ಬಂದು ಪೈಪಿನ ಕೀಲಿ ಮುಚ್ಚಲೇಬೇಕು. ಈ ಪೈಪ್ ದಿನ ಕಳೆದಂತೆ ಸೋಂಕಿನ ಬಾಗಿಲಾಗುತ್ತದೆ. ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಎಂಬ ಕ್ರಿಮಿಗಳು ನಮ್ಮ ಐಸಿಯುಗಳಲ್ಲಿ ಸಾಮಾನ್ಯ ಮದ್ದಿಗೆ ಜಗ್ಗದ ಹಾಗೆ ಬೆಳೆದಿವೆ. ಮೆದುಳಿನ ಪೊರೆಗೆ ಸೋಂಕು ಹತ್ತಿದರೆ ಕೊಲಿಸ್ಟಿನ್‌ನಂಥ ಕೊನೆಯ ಮದ್ದನ್ನು ಪೈಪಿನ ಮೂಲಕವೇ ಮೆದುಳಿನ ಕೋಣೆಗೆ ಹಾಕಬೇಕಾಗಿ ಬರುತ್ತದೆ. ಹತ್ತು ಮಂದಿ ಸರದಿಯಲ್ಲಿ ಒಳಹೋಗಿ ರೋಗಿಯ ಕೈಹಿಡಿಯುವುದು ನಮ್ಮ ಕಡೆಯ ವಾಡಿಕೆ. ಒಬ್ಬರು ಹೋಗಿ, ಕೈ ತೊಳೆದು ಹೋಗಿ.

ಅಜ್ಜನ ತಲೆಯ ರಕ್ತ

ಜಾರಿ ಬಿದ್ದ ಮೂರು ವಾರಕ್ಕೆ ಅಜ್ಜ ಒಂದು ಕಾಲು ಎಳೆಯುತ್ತಾರೆ, ಹೊತ್ತುಗೊತ್ತು ಮರೆಯುತ್ತಾರೆ, ನಿದ್ದೆ ಹೆಚ್ಚು. ಮನೆಯವರು ಅರಳುಮರಳು ಎನ್ನುತ್ತಾರೆ. ಅದು ನಿಧಾನವಾಗಿ ಕಟ್ಟಿದ ಸಬ್‌ಡ್ಯೂರಲ್ ಇರಬಹುದು. ವಯಸ್ಸಾದ ಮೆದುಳು ಕುಗ್ಗಿ ಖಾಲಿ ಜಾಗ ಇರುವುದರಿಂದ ರಕ್ತ ನಿಧಾನಕ್ಕೆ ತುಂಬುತ್ತದೆ, ಎಂಜಿನ್ ಆಯಿಲಿನಂತೆ ಕಪ್ಪಗೆ ತೆಳ್ಳಗಾಗುತ್ತದೆ. ಇದಕ್ಕೆ ಒಂದೆರಡು ರಂಧ್ರ ಸಾಕು. ಎಷ್ಟೋ ಸಲ ಸ್ಥಳೀಯ ಅರಿವಳಿಕೆಯಲ್ಲೇ ಆಗುತ್ತದೆ. ತೊಳೆದ ಮೇಲೆ ಒಂದು ಸಣ್ಣ ಪೈಪನ್ನು ಎರಡು ದಿನ ಬಿಡಬೇಕೋ ಬೇಡವೋ ಎಂದು ಕೇಂಬ್ರಿಜ್‌ನಲ್ಲಿ ನಡೆದ ಪರೀಕ್ಷೆಯ ಫಲ 2009ರಲ್ಲಿ ಬಂತು: ಪೈಪ್ ಇಟ್ಟವರಲ್ಲಿ ರಕ್ತ ಮತ್ತೆ ತುಂಬಿದ್ದು ನೂರಕ್ಕೆ 9, ಇಡದವರಲ್ಲಿ 24. ಆರು ತಿಂಗಳ ಸಾವು ಸುಮಾರು 9 ಮತ್ತು 18. ಒಂದು ಸಾದಾ ರಬ್ಬರು ಕೊಳವೆಯಂಥದ್ದು ಇಷ್ಟು ಜೀವ ಉಳಿಸುತ್ತದೆ ಎನ್ನುವುದು ನಮ್ಮಂಥ ದೇಶಕ್ಕೆ ಬಹಳ ದೊಡ್ಡ ಸುದ್ದಿ. ಮಕ್ಕಳ ತಲೆಯಲ್ಲಿ ನೀರು ತುಂಬಿದಾಗ ಹೊಟ್ಟೆಗೆ ಇಳಿಸುವ ಶಂಟ್ ಪೈಪಿನದೂ ಇದೇ ಕಥೆ. ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟನ್ನು ಉಗಾಂಡದಲ್ಲಿ ಹತ್ತಾರು ಪಟ್ಟು ದುಬಾರಿ ಪರದೇಶಿ ಶಂಟಿನ ಜೊತೆ ಹೋಲಿಸಿದಾಗ ಒಂದು ವರ್ಷದ ಫಲದಲ್ಲಿ ವ್ಯತ್ಯಾಸ ಇರಲಿಲ್ಲ. ಯಾವ ಶಂಟ್ ಆದರೂ ಕಟ್ಟಿಕೊಳ್ಳಬಹುದು. ಮಗು ವಾಂತಿ ಮಾಡಿ ಮಂಕಾದರೆ, ನೆತ್ತಿ ಉಬ್ಬಿದರೆ, ಕಣ್ಣುಗುಡ್ಡೆ ಕೆಳಗೆ ಇಳಿದರೆ ಅದೇ ದಿನ ಬರಬೇಕು.

ಎಲುಬು ಹೊರಗಿಟ್ಟಾಗ

ಊತ ತೀರಾ ಹೆಚ್ಚಿದ್ದರೆ ಎತ್ತಿದ ಎಲುಬಿನ ಬಿಲ್ಲೆಯನ್ನು ಮರಳಿ ಇಡದೆ ಚರ್ಮ ಮಾತ್ರ ಹೊಲಿಯುತ್ತಾರೆ. 2016ರ ‘ರೆಸ್ಕ್ಯೂ ಐಸಿಪಿ’ ಎಂಬ ಪರೀಕ್ಷೆಯಲ್ಲಿ, ಬೇರೆ ಮದ್ದಿಗೆ ಒತ್ತಡ ಇಳಿಯದ 408 ರೋಗಿಗಳಲ್ಲಿ ಹೀಗೆ ಮಾಡಿದಾಗ ಆರು ತಿಂಗಳ ಸಾವು ನೂರಕ್ಕೆ 49ರಿಂದ 27ಕ್ಕೆ ಇಳಿಯಿತು. ಆದರೆ ಕಣ್ಣು ತೆರೆದೂ ಅರಿವಿಲ್ಲದೆ ಉಳಿದವರು 2ರಿಂದ 8.5ಕ್ಕೆ ಏರಿದರು. ಜೀವ ಉಳಿಯಬಹುದು, ಹಿಂದಿನ ಮನುಷ್ಯ ಮರಳದಿರಬಹುದು. ಈ ಮಾತನ್ನು ಸಹಿಗೆ ಮುಂಚೆ ಮನೆಯವರಿಗೆ ಬಿಡಿಸಿ ಹೇಳುವುದು ಡಾಕ್ಟರ ಕರ್ತವ್ಯ, ಎಷ್ಟೇ ರಾತ್ರಿಯಾಗಿರಲಿ.

ಮನೆಗೆ ಹೋದ ಮೇಲೆ ಸೋಲುವುದು ಸಣ್ಣ ಸಣ್ಣ ಕಡೆ. ಮೂಗಿನ ಪೈಪಿನಲ್ಲಿ ಕುಚ್ಚಲಕ್ಕಿ ಗಂಜಿಯ ತಿಳಿ ಮಾತ್ರ ಹಾಕುತ್ತಾ ಹೋದರೆ ಹೊಟ್ಟೆ ತುಂಬುತ್ತದೆ, ಮಾಂಸಖಂಡ ಕರಗುತ್ತದೆ, ಬೆನ್ನಿನಲ್ಲಿ ಹುಣ್ಣಾಗುತ್ತದೆ. 50 ಕಿಲೋ ತೂಕದವರಿಗೆ ದಿನಕ್ಕೆ 60–75 ಗ್ರಾಂ ಪ್ರೋಟೀನು ಬೇಕು: ಹಾಲು, ಬೆಂದ ಮೊಟ್ಟೆ, ಬೇಯಿಸಿದ ಹೆಸರು, ರಾಗಿ ನುಣ್ಣಗೆ ಅರೆದು ಸೋಸಿ ಕೊಡಬೇಕು. ಕೊಡುವಾಗಲೂ, ಆಮೇಲೆ ಒಂದು ಗಂಟೆಯೂ ತಲೆ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ, ಕೊನೆಗೆ 30 ಮಿ.ಲೀ. ನೀರು ಬಿಟ್ಟು ಪೈಪ್ ತೊಳೆಯಿರಿ. ಫಿಟ್ಸ್ ಮಾತ್ರೆ ಫೆನಿಟಾಯಿನ್ ಆಗಿದ್ದರೆ ಆಹಾರದ ಜೊತೆ ಪೈಪಿನಲ್ಲಿ ಕೊಟ್ಟಾಗ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ಒಂದೆರಡು ಗಂಟೆ ಅಂತರ ಬೇಕು. ಹಾಗೆಂದು ನೀವಾಗಿ ಡೋಸ್ ಏರಿಸಿದರೆ ಕಣ್ಣು ಅದುರುತ್ತದೆ, ನಡೆದರೆ ತೂರಾಡುತ್ತಾರೆ. ಮಾತ್ರೆ ಮುಗಿದ ದಿನ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಆದರೆ ಎಲುಬಿಲ್ಲದ ಬದಿಗೆ ಭಾರ ಬೀಳದಂತೆ. ಆಸ್ಪತ್ರೆಯಲ್ಲಿ ಬ್ಯಾಂಡೇಜಿನ ಮೇಲೆ "ಇಲ್ಲಿ ಎಲುಬಿಲ್ಲ" ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಮನೆಯಲ್ಲಿ ಬ್ಯಾಂಡೇಜ್ ಇರುವುದಿಲ್ಲ, ನೋಡಿಕೊಳ್ಳುವವರೆಲ್ಲರಿಗೂ ಬಾಯಿಯಲ್ಲೇ ಹೇಳಬೇಕು.

ತೆಗೆದ ಎಲುಬು ಎಲ್ಲಿರುತ್ತದೆ ಎಂದು ಬಹಳ ಮನೆಯವರಿಗೆ ಗೊತ್ತಿರುವುದಿಲ್ಲ. ಅತಿ ತಣ್ಣನೆಯ ಫ್ರೀಜರಿನಲ್ಲಿ ಎಲುಬು ಕಾಪಿಡುವ ಸೌಕರ್ಯ ಎಲ್ಲ ಕಡೆ ಇಲ್ಲದ್ದರಿಂದ ನಮ್ಮಲ್ಲಿ ಅದನ್ನು ರೋಗಿಯ ಹೊಟ್ಟೆಯ ಚರ್ಮದ ಕೆಳಗೇ ಇಟ್ಟು ಹೊಲಿಯುವುದು ರೂಢಿ. ಹೊಟ್ಟೆಯ ಮೇಲೆ ಅಂಗೈಯಗಲದ ಗಟ್ಟಿ ಉಬ್ಬು ಅದೇ. ಆ ಹೊಲಿಗೆ ಕೆಂಪಾದರೆ, ಕೀವು ಬಂದರೆ ತಲೆಯ ಹೊಲಿಗೆಯಷ್ಟೇ ತುರ್ತಾಗಿ ತೋರಿಸಿ, ಸೋಂಕು ಹತ್ತಿದ ಎಲುಬು ಮತ್ತೆ ತಲೆಗೆ ಬಾರದು. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೆ ಅದನ್ನು ಮರಳಿ ಕೂರಿಸುತ್ತಾರೆ. ಅಷ್ಟರಲ್ಲಿ ತಲೆಯ ಆ ಭಾಗ ಬಟ್ಟಲಿನಂತೆ ಒಳಗೆ ಕುಸಿದು, ಸುಧಾರಿಸುತ್ತಿದ್ದ ಕೈಕಾಲು ಮತ್ತೆ ಸೋತರೆ, ಎದ್ದು ಕೂತಾಗ ತಲೆನೋವು ಹೆಚ್ಚಿ ಮಲಗಿದಾಗ ಕಡಿಮೆಯಾದರೆ, ಕೊಟ್ಟ ತಾರೀಖಿಗೆ ಕಾಯದೆ ಹೊರಡಿ. ಎಲುಬು ಕೂರಿಸಿದ ಮೇಲೆ ಅಂಥ ಕೈಕಾಲಿಗೆ ಬಲ ಮರಳುವುದುಂಟು.